ಹಾಲಿನ ಜೊತೆ ಓಟಕ್ಕೆ ಬಿದ್ದ ಒಂದು ಹನಿ

ಚುಕ್ಕೆಯ ಅಗಲ 3.2 ಮಿಲಿಮೀಟರ್. ಅದರಲ್ಲಿ ಒಣಗಿ ಕೂತಿರುವ ರಕ್ತ ಸುಮಾರು 3 ಮೈಕ್ರೋಲೀಟರ್. ಒಂದು ಹನಿಯನ್ನು ಹದಿನೈದು ಪಾಲು ಮಾಡಿದರೆ ಅದರಲ್ಲೊಂದು ಪಾಲು. ಆ ಚುಕ್ಕೆಯನ್ನು ಒಂದು ಯಂತ್ರಕ್ಕೆ ಕೊಟ್ಟು ಎರಡು ನಿಮಿಷ ಕಾದರೆ ಸಾಕು. ಮೊನ್ನೆ ಹುಟ್ಟಿದ, ಕೈಕಾಲು ಬಡಿದು ಅಳುವ, ಹಾಲು ಚೀಪುವ, ನೋಡಿದವರೆಲ್ಲ ದೃಷ್ಟಿ ತೆಗೆಯಬೇಕು ಅನ್ನುವಂತಿರುವ ಕೂಸಿನ ಮೈಯೊಳಗೆ ನಲವತ್ತಕ್ಕೂ ಹೆಚ್ಚು ಬಗೆಯ ಆನುವಂಶಿಕ ತೊಂದರೆಗಳಲ್ಲಿ ಯಾವುದಾದರೂ ಅಡಗಿದೆಯೇ ಎಂಬ ಸುಳಿವನ್ನು ಅದು ಹೊರಹಾಕುತ್ತದೆ. ಲಕ್ಷಣ ಒಂದೂ ಕಾಣಿಸುವ ಮೊದಲೇ! ಕೂಸಿಗೆ ಹೆಸರಿಡುವ ಮೊದಲೇ! ರಕ್ತ ಹೀರಿದ ಕಾಗದದ ಕಾರ್ಡಿನ ಮೇಲೆ ಇನ್ನೂ 'ಬೇಬಿ ಆಫ್' ಎಂದು ಬರೆದು ಮುಂದೆ ತಾಯಿಯ ಹೆಸರು ಸೇರಿಸಿರುತ್ತಾರೆ, ಅಷ್ಟೇ.

ದಾವಣಗೆರೆಯಲ್ಲಿ ಹೆರಿಗೆ ಎಂದರೆ ಊರಿನವರದಷ್ಟೇ ಅಲ್ಲ. ಹರಿಹರ, ಹೊನ್ನಾಳಿ, ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು ಕಡೆಯವರೂ ಇಲ್ಲಿಗೇ ಬರುತ್ತಾರೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ, ಎಸ್.ಎಸ್. ಆಸ್ಪತ್ರೆ, ಇವಲ್ಲದೆ ಬೀದಿಗೊಂದರಂತೆ ನರ್ಸಿಂಗ್ ಹೋಂಗಳು. ಈ ಪರೀಕ್ಷೆ ಮಾಡುವ ಕಡೆಯೆಲ್ಲ ಬಾಣಂತಿಯ ಮಂಚದ ಪಕ್ಕ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ ಥರ.

"ಹುಟ್ಟಿ ಇನ್ನೂ ಮೂರು ದಿನ ಆಗಿಲ್ಲ, ಅಷ್ಟ್ರಾಗೆ ಕೂಸಿಗೆ ಸೂಜಿ ಯಾಕ್ರೀ ಸಿಸ್ಟರ್?"

"ಒಂದೆರಡು ಹನಿ ಅಷ್ಟೇ ಅಜ್ಜಿ, ಹಿಮ್ಮಡಿಗೆ. ಬೆಂಗಳೂರಿಗೆ ಕಳಿಸ್ತೀವಿ."

"ಯಾಕೆ, ಏನಾಗೈತಿ ಕೂಸಿಗೆ?"

"ಏನೂ ಆಗಿಲ್ಲ ಅಜ್ಜಿ. ಅದಕ್ಕೇ ಈಗ್ಲೇ ಮಾಡೋದು."

ಕೊನೆಯ ಆ ಉತ್ತರದಲ್ಲಿ ಇಡೀ ವಿಜ್ಞಾನವೇ ಇದೆ. ಬಸಿರಿನಲ್ಲಿದ್ದ ಒಂಬತ್ತು ತಿಂಗಳೂ ಈ ಕೂಸಿಗೆ ಏನೂ ಆಗುವಂತಿರಲಿಲ್ಲ. ಕೂಸಿನ ರಕ್ತದಲ್ಲಿ ಯಾವುದೋ ಅಮೈನೋ ಆಮ್ಲ ಕರಗದೆ ಉಳಿಯಿತು ಅನ್ನಿ, ಅದು ಮಾಸದ ಮೂಲಕ ತಾಯಿಯ ರಕ್ತಕ್ಕೆ ದಾಟುತ್ತದೆ. ಅವಳ ಯಕೃತ್ತು ತನ್ನದನ್ನು ಅರಗಿಸಿಕೊಳ್ಳುವಾಗ ಮಗುವಿನದನ್ನೂ ಅರಗಿಸಿಬಿಡುತ್ತದೆ. ಮಗುವಿನಲ್ಲಿ ಒಂದು ಕಿಣ್ವ ಪೂರ್ತಿ ಇಲ್ಲದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ತಾಯಿಗೂ ಗೊತ್ತಿಲ್ಲ, ಅವಳು ಹಗಲೂ ರಾತ್ರಿ ಆ ಕೆಲಸ ಮಾಡುತ್ತಲೇ ಇರುತ್ತಾಳೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಗಳಿಗೆಯಿಂದ ಕೂಸು ಒಂಟಿ. ಮೊದಲ ಗುಟುಕು ಗಿಣ್ಣುಹಾಲು ಒಳಗೆ ಹೋಯಿತು, ಪ್ರೋಟೀನು ಒಡೆಯಿತು, ಆ ಕಿಣ್ವ ಮಾಡಬೇಕಿದ್ದ ಕೆಲಸದ ಹತ್ತಿರ ಬಂದು ಎಲ್ಲವೂ ನಿಂತಿತು. ಅಲ್ಲಿಂದ ಗಂಟೆಗಂಟೆಗೂ ವಿಷ ಏರುತ್ತದೆ. ಮೊದಲ ದಿನವೇ ರಕ್ತ ತೆಗೆದರೆ ತಾಯಿಯ ಶುದ್ಧಿಯೇ ಇನ್ನೂ ಉಳಿದಿರುತ್ತದೆ, ಕಾರ್ಡು ಸುಳ್ಳು ಸಮಾಧಾನ ಹೇಳುತ್ತದೆ. ಒಂದು ವಾರ ಬಿಟ್ಟರೆ ಕೆಲವು ಕೂಸುಗಳ ಮಿದುಳಿಗೆ ಅಷ್ಟರಲ್ಲೇ ಪೆಟ್ಟು ಬಿದ್ದಿರುತ್ತದೆ. ಅದಕ್ಕೇ 48ರಿಂದ 72 ಗಂಟೆ. ಹಾಲು ಒಳಗೆ ಹೋಗಿ ಗುಟ್ಟು ಬಯಲಾಗಿರಬೇಕು, ಕೇಡು ಇನ್ನೂ ಆಗಿರಬಾರದು. ಅಷ್ಟು ಇಕ್ಕಟ್ಟಿನ ಸಂದಿನಲ್ಲಿ ಕೈ ಹಾಕಿ ಹಿಡಿಯಬೇಕು.

ಇದನ್ನು ಮೊದಲು ಓದಿದಾಗ ಎಷ್ಟು ಬೆರಗಾಯಿತೆಂದರೆ, ಸಿಕ್ಕಸಿಕ್ಕ ಡಾಕ್ಟರುಗಳನ್ನೆಲ್ಲ ಹಿಡಿದು ಯಂತ್ರ ಏನು ಮಾಡುತ್ತದೆ ಹೇಳಿ ಎಂದು ಪೀಡಿಸಿದೆ. ತಿಳಿದ ಮೇಲೆ ಬೆರಗು ಇನ್ನೂ ಹೆಚ್ಚಾಯಿತು. ಅದರ ಹೆಸರು ಟ್ಯಾಂಡಮ್ ಮಾಸ್ ಸ್ಪೆಕ್ಟ್ರೋಮೀಟರ್. ಅದು ಅಣುಗಳನ್ನು ತೂಗುತ್ತದೆ. ಅದೂ ಎರಡು ಸಲ! ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನೇ ನೋಡಿ. ವಿದ್ಯುತ್ ಹೊತ್ತ ಅದರ ಅಣು ಮೊದಲ ತಕ್ಕಡಿಯಲ್ಲಿ 166 ತೂಗುತ್ತದೆ. 166 ತೂಗುವ ಬೇರೆ ಅಣುಗಳೂ ರಕ್ತದಲ್ಲಿ ಇರಬಹುದಲ್ಲ? ಅದಕ್ಕೇ ನಡುವೆ ಒಂದು ಕೋಣೆ. ಅಲ್ಲಿ ಅನಿಲದ ಕಣಗಳಿಗೆ ಡಿಕ್ಕಿ ಹೊಡೆಸಿ ಅಣುವನ್ನು ಮುರಿಯುತ್ತಾರೆ. ಫಿನೈಲ್‌ಅಲನಿನ್ ಮುರಿಯುವಾಗ ಸರಿಯಾಗಿ 46 ತೂಕದ ಚೂರು ಕಳಚಿಕೊಂಡು 120 ಆಗಿ ಎರಡನೇ ತಕ್ಕಡಿಗೆ ಬರುತ್ತದೆ. ಟೈರೋಸಿನ್ 182ರಿಂದ 136. ಒಂದೊಂದಕ್ಕೂ ಒಂದೊಂದು ಜೋಡಿ ಅಂಕಿ. ಒಳಗೆ ಹೋಗುವಾಗ ಇಷ್ಟು, ಹೊರಗೆ ಬರುವಾಗ ಇಷ್ಟು ಎಂಬ ಎರಡೂ ಹೊಂದಿದರೆ ಮಾತ್ರ ಲೆಕ್ಕಕ್ಕೆ. ಪ್ರಮಾಣ ಎಷ್ಟೆಂದು ತಿಳಿಯಲು ಅದೇ ಫಿನೈಲ್‌ಅಲನಿನ್‌ನಲ್ಲಿ ಐದು ಹೈಡ್ರೋಜನ್‌ಗಳ ಬದಲು ಭಾರದ ಡ್ಯುಟೇರಿಯಂ ಕೂರಿಸಿ, 171 ತೂಗುವ ಒಂದು ಅವಳಿ ಅಣುವನ್ನು ಗೊತ್ತಾದ ಅಳತೆಯಲ್ಲಿ ಮೊದಲೇ ಬೆರೆಸಿರುತ್ತಾರೆ. ಅವಳಿಯ ಪಕ್ಕ ನಿಲ್ಲಿಸಿ ಅಳೆಯುವುದು! ಮೋಸಕ್ಕೆ ಜಾಗವೇ ಇಲ್ಲ. ಅಲ್ಲ, ಸ್ವಲ್ಪ ಇದೆ. ಲ್ಯೂಸಿನ್ ಮತ್ತು ಐಸೊಲ್ಯೂಸಿನ್ ಎರಡೂ 132 ತೂಗಿ 86 ಆಗುತ್ತವೆ. ಯಂತ್ರಕ್ಕೆ ಅವೆರಡರ ನಡುವೆ ಭೇದ ಕಾಣುವುದಿಲ್ಲ. ಇಷ್ಟು ಚುರುಕಿನ ಯಂತ್ರಕ್ಕೂ ಹೀಗೊಂದು ಮರುಳು ಇರುವುದು ನನಗೇಕೋ ಖುಷಿ ಕೊಟ್ಟಿತು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮಿಲಿಂಗ್ಟನ್ ಮತ್ತು ಸಂಗಡಿಗರು 1990ರ ಹೊತ್ತಿಗೆ ಈ ಯಂತ್ರವನ್ನು ಶಿಶುಗಳ ರಕ್ತದ ಚುಕ್ಕೆಗೆ ಒಗ್ಗಿಸಿದರು. ಅದಕ್ಕೂ ಮೊದಲಿನ ಕಥೆ ಯಂತ್ರದ್ದಲ್ಲ, ಒಂದು ಬ್ಯಾಕ್ಟೀರಿಯಾದ್ದು, ಮತ್ತು ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಸೊಗಸಿನದು. 1934ರಲ್ಲಿ ನಾರ್ವೆಯಲ್ಲಿ ಅಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯನ ಬಳಿ ಒಬ್ಬ ತಾಯಿ ಬುದ್ಧಿ ಬೆಳೆಯದ ತನ್ನ ಎರಡು ಮಕ್ಕಳನ್ನು ಕರೆದುಕೊಂಡು ಬಂದಳು. ಮಕ್ಕಳ ಮೈಯಿಂದ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತದೆ ಎನ್ನುವುದನ್ನು ಅವಳು ಗಮನಿಸಿದ್ದಳು. ಫೋಲಿಂಗ್ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದ. ಕಡು ಹಸಿರು ಬಣ್ಣ ಬಂತು! ಹೀಗೆ ಫಿನೈಲ್‌ಅಲನಿನ್ ಅರಗದೆ ಮಿದುಳು ಕೆಡಿಸುವ ಪಿಕೆಯು, ಅಂದರೆ ಫಿನೈಲ್‌ಕೀಟೋನೂರಿಯಾ, ಬೆಳಕಿಗೆ ಬಂತು. 1953ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಫಿನೈಲ್‌ಅಲನಿನ್ ಕಡಿಮೆ ಮಾಡಿದ ಆಹಾರ ಕೊಟ್ಟು ಒಂದು ಮಗುವಿನಲ್ಲಿ ಸುಧಾರಣೆ ಕಂಡರು. ಮದ್ದು ಸಿಕ್ಕಿತು, ಆದರೆ ಕೆಟ್ಟ ಮಿದುಳು ಮರಳಿ ಸರಿಯಾಗುವುದಿಲ್ಲವಲ್ಲ. ಕೆಡುವ ಮೊದಲೇ ಹಿಡಿಯುವುದು ಹೇಗೆ?

ಬಫೆಲೊ ನಗರದ ರಾಬರ್ಟ್ ಗಥ್ರಿಗೆ ಈ ಪ್ರಶ್ನೆ ಮನೆಯೊಳಗಿನದು. ಅವನ ಮಗನಿಗೆ ಬುದ್ಧಿಮಾಂದ್ಯ. ಹೆಂಡತಿಯ ತಂಗಿಯ ಮಗಳಿಗೆ ಪಿಕೆಯು ಇದೆಯೆಂದು ತಿಳಿಯುವಾಗ ಅವಳಿಗೆ ಹದಿನೈದು ತಿಂಗಳಾಗಿ ಹೊತ್ತು ಮೀರಿತ್ತು. ಗಥ್ರಿ ಹಿಡಿದದ್ದು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ ಕೊಯ್ದು ಮೆದೆ ಒಟ್ಟಿರುತ್ತಾರಲ್ಲ, ಅಂಥ ಹುಲ್ಲಿನಲ್ಲಿ, ಮಣ್ಣಿನಲ್ಲಿ ಧಾರಾಳವಾಗಿ ಇರುವ ಬಡಪಾಯಿ ಜೀವಿ ಅದು. ಅದನ್ನು ಅಗರ್ ಪಾಕದಲ್ಲಿ ಬಿಟ್ಟು, ಬೆಳೆಯದಂತೆ ತಡೆಯುವ ಒಂದು ರಾಸಾಯನಿಕವನ್ನೂ ಸೇರಿಸಿದ. ಆ ತಡೆಯನ್ನು ಮುರಿಯಬಲ್ಲದ್ದು ಫಿನೈಲ್‌ಅಲನಿನ್. ಈಗ ಕೂಸಿನ ರಕ್ತ ಹೀರಿದ ಕಾಗದದ ಬಿಲ್ಲೆಯನ್ನು ಅದರ ಮೇಲಿಟ್ಟು ರಾತ್ರಿ ಬಿಡುವುದು. ಬೆಳಿಗ್ಗೆ ಬಿಲ್ಲೆಯ ಸುತ್ತ ಮಂಜು ಮಂಜಾಗಿ ಬ್ಯಾಕ್ಟೀರಿಯಾದ ಬಳೆ ಬೆಳೆದಿದ್ದರೆ ರಕ್ತದಲ್ಲಿ ಫಿನೈಲ್‌ಅಲನಿನ್ ಅತಿಯಾಗಿದೆ ಎಂದರ್ಥ; ಬಳೆ ದೊಡ್ಡದಾದಷ್ಟೂ ಪ್ರಮಾಣ ಹೆಚ್ಚು. ಸೂಕ್ಷ್ಮದರ್ಶಕವೂ ಬೇಡ, ಕಣ್ಣಿದ್ದರೆ ಸಾಕು. 1962ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶುರುವಾಗಿ, ಮರುವರ್ಷ ಕಾನೂನೂ ಆಗಿ, ಆ ಕಾಗದದ ಕಾರ್ಡು ಜಗತ್ತನ್ನೇ ಸುತ್ತಿತು. ಇವತ್ತಿಗೂ ಅದಕ್ಕೆ ಗಥ್ರಿ ಕಾರ್ಡೆಂದೇ ಹೆಸರು.

ನಮ್ಮ ದೇಶಕ್ಕೆ ಇದು ಯಾವಾಗ ಬಂತು? ದೆಹಲಿಗೆ, ಮುಂಬೈಗೆ, ತೀರಾ ಈಚೆಗೆ, ಬರೀ ದುಡ್ಡಿದ್ದವರ ಆಸ್ಪತ್ರೆಗೆ ಎಂದುಕೊಂಡಿದ್ದವರು ಸ್ವಲ್ಪ ಸರಿಯಾಗಿ ಕೂತುಕೊಳ್ಳಿ. ಶುರುವಾದದ್ದು 1980ರಲ್ಲಿ. ನಮ್ಮ ಕರ್ನಾಟಕದಲ್ಲಿ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ, ಎಚ್.ಎಸ್. ಸಾವಿತ್ರಿ, ಇವರ ಜೊತೆ ಲಂಡನ್ನಿನಿಂದ ಅಲನ್ ಬಿಟಲ್ಸ್. ಟ್ಯಾಂಡಮ್ ಯಂತ್ರ ಇನ್ನೂ ಈ ಕೆಲಸಕ್ಕೆ ಬಂದಿರದ ಕಾಲ. 1988ರಲ್ಲಿ ಅವರು ಫಲಿತಾಂಶ ಪ್ರಕಟಿಸುವ ಹೊತ್ತಿಗೆ ಪರೀಕ್ಷೆಯಾದ ಶಿಶುಗಳು 1,12,269. ಒಂದು ಲಕ್ಷ ಹನ್ನೆರಡು ಸಾವಿರ ಪುಟ್ಟ ಹಿಮ್ಮಡಿಗಳನ್ನು ಕಣ್ಣಮುಂದೆ ತಂದುಕೊಳ್ಳಿ! ಇಷ್ಟರಲ್ಲಿ ಎದ್ದು ಕಂಡ ಅಮೈನೋ ಆಮ್ಲದ ತೊಂದರೆಗಳು ಟೈರೋಸಿನೀಮಿಯಾ, ಮೇಪಲ್ ಸಿರಪ್ ರೋಗ ಮತ್ತು ಪಿಕೆಯು. ಕಂಪ್ಯೂಟರು ಅಪರೂಪವಾಗಿದ್ದ, ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ದಿನಗಳಲ್ಲಿ ನಡೆದ ಈ ಕೆಲಸವನ್ನು ನಮ್ಮ ಶಾಲೆಯ ಪುಸ್ತಕಗಳು ಯಾಕೆ ಹೇಳಲಿಲ್ಲವೋ. ರಾಕೆಟ್ಟಿಗೆ ಸಿಕ್ಕ ಚಪ್ಪಾಳೆಯಲ್ಲಿ ಕಾಲುಭಾಗವಾದರೂ ಈ ಕಾರ್ಡಿಗೆ ಸಿಗಬೇಕಿತ್ತು.

ಆ ತಂಡ ಇನ್ನೊಂದು ಲೆಕ್ಕವನ್ನೂ ಹಿಡಿಯಿತು: ಅಪ್ಪ ಅಮ್ಮ ಮೊದಲೇ ಸಂಬಂಧಿಕರೇ? 1980ರಿಂದ 1989ರವರೆಗೆ ಬೆಂಗಳೂರು, ಮೈಸೂರಿನಲ್ಲಿ ಲಕ್ಷಕ್ಕೂ ಹೆಚ್ಚು ದಂಪತಿಗಳನ್ನು ಕೇಳಿದರು. ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದು! ಹಿಂದೂಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ಸೋದರಮಾವ ಅಕ್ಕನ ಮಗಳನ್ನು ತಂದುಕೊಂಡವು. ದಾವಣಗೆರೆ, ಹರಿಹರದ ಕಡೆ ಯಾರ ಮನೆಯಲ್ಲೇ ಕೂತು ವಂಶಾವಳಿ ಕೇಳಿ, ಎರಡನೇ ತಲೆಮಾರಿಗೇ ಒಂದು ಗೆರೆ ಬಳಸಿಕೊಂಡು ಬಂದು ಅದೇ ಹೆಸರಿಗೆ ಸೇರುತ್ತದೆ. "ಹೊಸಬರ ಮನಿಗೆ ಯಾಕೆ ಕೊಡೋದು, ನಮ್ಮ ತಮ್ಮ ಇದಾನಲ್ಲ" ಎಂಬ ಮಾತಿನ ಹಿಂದೆ ಹೊಲ ಒಡೆಯದಿರಲಿ, ಮಗಳು ಕಣ್ಣಳತೆಯಲ್ಲಿರಲಿ ಎಂಬ ಲೆಕ್ಕಾಚಾರವಿದೆ, ಪ್ರೀತಿಯೂ ಇದೆ.

ಇದು ಹಿಮ್ಮಡಿಯ ಹನಿಗೆ ಹೇಗೆ ತಳಕು ಹಾಕಿಕೊಳ್ಳುತ್ತದೆ? ಹರಿಹರದ ಗುಡಿಗೆ ಹೋಗಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಆ ಗುಡಿಯಲ್ಲಿ ಮೂರ್ತಿ ಒಂದೇ, ಬಲಭಾಗ ಹರ, ಎಡಭಾಗ ಹರಿ. ನಮ್ಮ ಬಹುತೇಕ ಜೀನುಗಳೂ ಹೀಗೇ ಎರಡು ಪ್ರತಿಗಳ ಜೋಡಿ. ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ, ಮನುಷ್ಯ ನೂರು ವರ್ಷ ಬಾಳಬಹುದು, ಗೊತ್ತೇ ಆಗುವುದಿಲ್ಲ. ಎರಡೂ ಕೆಟ್ಟಾಗ ಮಾತ್ರ ಕಿಣ್ವ ಇಲ್ಲ. ಈಗ ಒಬ್ಬ ಅಜ್ಜಿಯಲ್ಲಿ ಅಂಥ ಒಂದು ಕೆಟ್ಟ ಪ್ರತಿ ಇತ್ತು ಅನ್ನಿ. ಅದು ಅವಳ ಮಗನಿಗೆ ಬಂದಿರುವ ಸಂಭವ ಎರಡರಲ್ಲಿ ಒಂದು. ಮಗಳ ಮಗಳಿಗೆ ಬಂದಿರುವುದು ನಾಲ್ಕರಲ್ಲಿ ಒಂದು. ಆ ಮಾವ, ಆ ಸೊಸೆ ಮದುವೆಯಾದರೆ ಹುಟ್ಟುವ ಕೂಸಿಗೆ ಎರಡೂ ಕೆಟ್ಟ ಪ್ರತಿ ಸೇರುವ ಸಂಭವ 32ರಲ್ಲಿ 1. ಅದೇ ಹುಡುಗಿಯನ್ನು ಹೊರಗೆ ಕೊಟ್ಟರೆ? ಹೊರಗಿನವರಲ್ಲಿ ನೂರಕ್ಕೊಬ್ಬರ ಬಳಿ ಆ ಪ್ರತಿ ಇದೆಯೆಂದು ಹಿಡಿದುಕೊಂಡರೂ 1600ರಲ್ಲಿ 1. ಪೆನ್ನು ಹಿಡಿದು ನೀವೇ ಗುಣಿಸಿ ನೋಡಿ, ನಾನು ಹಾಗೇ ಮಾಡಿದ್ದು. ರಾಧಾ ರಮಾದೇವಿ, ಅಪ್ಪಾಜಿ ರಾವ್, ಬಿಟಲ್ಸ್ 1987ರಲ್ಲಿ ಇದೇ ವಿಷಯದ ಮೇಲೆ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 407 ಮಕ್ಕಳನ್ನು ಪರೀಕ್ಷಿಸಿದಾಗ 63 ಮಕ್ಕಳಲ್ಲಿ 35 ಬಗೆಯ ಆನುವಂಶಿಕ ಕಾಯಿಲೆಗಳು ಸಿಕ್ಕವು.

ಹಾಗಂತ ಅಜ್ಜಿಯಂದಿರನ್ನು ಬೈಯುವ ಜಾಣರ ಗುಂಪಿಗೆ ನಾನು ಸೇರುವುದಿಲ್ಲ. 32ರಲ್ಲಿ 31 ಕೂಸುಗಳಿಗೆ ಏನೂ ಆಗುವುದಿಲ್ಲ. ಹೊರಗಿನ ಸಂಬಂಧದಲ್ಲೂ ಇಂಥ ಕೂಸು ಹುಟ್ಟುತ್ತದೆ. ಆಗಿಹೋದ ಮದುವೆಗೆ ಉಪದೇಶ ಮಾಡಿ ಏನು ಬಂತು? ಎರಡು ಹನಿ ರಕ್ತ ತೆಗೆಯುವುದು ಮೇಲು.

ಇನ್ನು ಈ ಕಾಯಿಲೆಗಳು ನಮ್ಮ ಅಡುಗೆಮನೆ, ಬೀರು, ಪಾರ್ಕುಗಳಿಗೆ ಹೇಗೆ ಬಂದು ತಗುಲಿಕೊಳ್ಳುತ್ತವೆ ನೋಡಿ! ಮೇಪಲ್ ಸಿರಪ್ ರೋಗವನ್ನು 1954ರಲ್ಲಿ ಜಾನ್ ಮೆಂಕಿಸ್ ಗುರುತಿಸಿದ. ಕೂಸಿನ ಮೂತ್ರದಿಂದ ಸುಟ್ಟ ಸಕ್ಕರೆಯಂಥ ಸಿಹಿ ವಾಸನೆ ಬರುತ್ತದೆ. ನಮ್ಮಲ್ಲಿ ಮೇಪಲ್ ಮರದ ಪಾಕ ನೋಡಿದವರಾರು? ಆದರೆ ಆ ವಾಸನೆ ನಮಗೆ ಗೊತ್ತು. ಅದಕ್ಕೆ ಕಾರಣವಾದ ಸೊಟೊಲೋನ್ ಎಂಬ ರಾಸಾಯನಿಕವೇ ಮೆಂತ್ಯದ ಪರಿಮಳಕ್ಕೂ ಕಾರಣ! ಹೆರಿಗೆಯ ಹೊತ್ತಿಗೆ ತಾಯಿ ಮೆಂತ್ಯ ಸೇವಿಸಿದ್ದರಿಂದ ಕೂಸಿಗೆ ಆ ವಾಸನೆ ಬಂದು, ಇಲ್ಲದ ರೋಗ ಇದೆಯೆಂದು ವೈದ್ಯರು ಗಾಬರಿಯಾದ ಪ್ರಸಂಗ 2001ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ದಾಖಲಾಗಿದೆ. ಬಾಣಂತಿಗೆ ಮೆಂತ್ಯದ ಉಂಡೆ ಕಟ್ಟಿಕೊಡುವ ನಾಡಿನಲ್ಲಿ ಮೂಗನ್ನು ನಂಬಿದರೆ ಕೆಟ್ಟೆವು. ಯಂತ್ರ ವಾಸನೆ ನೋಡುವುದಿಲ್ಲ, ಲ್ಯೂಸಿನ್ ತೂಗುತ್ತದೆ.

ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸಿಗೆ ನುಸಿಗುಳಿಗೆಯೇ ಹಗೆ. ಮೆತ್ತಗಿರುತ್ತದೆ ಎಂದು ಅಜ್ಜಿಯ ಹಳೆ ಹತ್ತಿ ಸೀರೆಯನ್ನು ಟ್ರಂಕಿನಿಂದ ತೆಗೆದು ಕೂಸಿಗೆ ಸುತ್ತುತ್ತೇವೆ. ಅದರಲ್ಲಿ ಸೇರಿಕೊಂಡ ನಾಫ್ತಲಿನ್ ಆವಿಯಿಂದ ಆ ಕೂಸಿನ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಿಬಿಡಬಹುದು. ಬೇರೆ ಕೂಸಿಗೆ ಏನೂ ಆಗದ ಅದೇ ಸೀರೆ!

ಟೈರೋಸಿನೀಮಿಯಾದ ಕಥೆಯಂತೂ ಯಾರೋ ಕಟ್ಟಿ ಹೇಳಿದಂತಿದೆ. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ರಾಸಾಯನಿಕ ಕಂಪನಿಯ ಜೀವವಿಜ್ಞಾನಿ, ಬಾಟಲ್‌ಬ್ರಶ್ ಗಿಡದ ಬುಡದಲ್ಲಿ ಕಳೆ ಹೆಚ್ಚು ಬೆಳೆಯುವುದಿಲ್ಲ ಎಂಬುದನ್ನು ಗಮನಿಸಿದ. ಹೌದು, ಕೆಂಪು ಕುಂಚದಂಥ ಹೂ ಬಿಟ್ಟು ನಮ್ಮ ಪಾರ್ಕು, ಕಾಲೇಜು ಆವರಣಗಳಲ್ಲಿ ಜೋತಾಡುವ ಗಿಡವೇ. ಅದು ಸ್ರವಿಸುವ ವಸ್ತುವಿನ ಜಾಡು ಹಿಡಿದು ಕಳೆನಾಶಕಗಳನ್ನು ಮಾಡಹೊರಟರು. ಆ ಸಾಲಿನ ಒಂದು ವಸ್ತು, ಟೈರೋಸಿನ್ ಒಡೆಯುವ ಹಾದಿಯ ಒಂದು ಕಿಣ್ವವನ್ನೇ ತಡೆಯುತ್ತದೆ ಎಂದು ಗೊತ್ತಾಯಿತು. ಟೈರೋಸಿನೀಮಿಯಾದ ಮೊದಲನೇ ಬಗೆಯಲ್ಲಿ ಮಗುವಿನ ಯಕೃತ್ತನ್ನು ಸುಡುವ ವಿಷ ಹುಟ್ಟುವುದು ಅದೇ ಹಾದಿಯ ತುದಿಯಲ್ಲಿ. ಹಾದಿಯನ್ನು ಮೇಲೆಯೇ ಮುಚ್ಚಿಬಿಟ್ಟರೆ? 1992ರಲ್ಲಿ ಸ್ವೀಡನ್ನಿನ ವೈದ್ಯರು ಅದನ್ನೇ ಮಾಡಿ ತೋರಿಸಿದರು. ಇವತ್ತು ನಿಟಿಸಿನೋನ್ ಎಂಬ ಹೆಸರಿನಲ್ಲಿ ಮಕ್ಕಳ ಜೀವ ಉಳಿಸುತ್ತಿರುವುದು ಕಳೆನಾಶಕದ ಒಡಹುಟ್ಟು!

ಬಯೋಟಿನಿಡೇಸ್ ಕೊರತೆಯ ಕೂಸನ್ನು ಹಿಡಿಯದೆ ಬಿಟ್ಟರೆ ಫಿಟ್ಸ್ ಬರುತ್ತದೆ, ಕೂದಲು ಉದುರುತ್ತದೆ, ಕಿವಿ ಹೋಗುತ್ತದೆ. ಹಿಡಿದರೆ ದಿನಕ್ಕೆ 5ರಿಂದ 10 ಮಿಲಿಗ್ರಾಂ ಬಯೋಟಿನ್, ಒಂದು ವಿಟಮಿನ್, ಅಷ್ಟೇ. ಎಂಕ್ಯಾಡ್ ಎಂಬ ಕೊಬ್ಬಿನ ತೊಂದರೆಗೆ ಮುಖ್ಯವಾಗಿ ಬೇಕಾದ್ದು ಔಷಧವೂ ಅಲ್ಲ. ಮಗುವನ್ನು ಬಹಳ ಹೊತ್ತು ಹಸಿದಿರಿಸದಿದ್ದರಾಯಿತು.

ಮೊದಲು ಬಂದ ಹಾಲಿನ ಮಾತಿಗೆ ಇಲ್ಲಿ ಮರಳಬೇಕು. ತಾಯಿಹಾಲಿನ ವಿಷಯದಲ್ಲಿ ದಾವಣಗೆರೆಗೆ ಜಗತ್ತಿನ ನಕ್ಷೆಯಲ್ಲೇ ಒಂದು ಜಾಗವಿದೆ, ಊರಿನ ಬಹುಮಂದಿಗೆ ಗೊತ್ತಿಲ್ಲ. ಮೊಲೆತೊಟ್ಟು ಒಳಸೇರಿದ್ದರೆ ಕೂಸು ಹಿಡಿಯಲಾರದು, ಬಾಟಲಿ ಹಾಲೇ ಗತಿ ಎನ್ನುವ ಸ್ಥಿತಿಗೆ ಜೆಜೆಎಂ ವೈದ್ಯಕೀಯ ಕಾಲೇಜಿನ ಡಾ. ನಿರ್ಮಲಾ ಕೇಸರಿ ಮತ್ತು ಸಂಗಡಿಗರು ಕಂಡುಕೊಂಡ ಉಪಾಯ: ಒಂದು ಪ್ಲಾಸ್ಟಿಕ್ ಸಿರಿಂಜಿನ ಸೂಜಿ ಕೂರುವ ತುದಿಯನ್ನು ಕತ್ತರಿಸಿ, ಪಿಸ್ಟನ್ ಅನ್ನು ಕತ್ತರಿಸಿದ ಕಡೆಯಿಂದ ತೂರಿಸಿ, ನುಣುಪಾದ ತುದಿಯನ್ನು ಮೊಲೆಗಿಟ್ಟು ಮೆಲ್ಲಗೆ ಎಳೆಯುವುದು. 1993ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸ್ತನ್ಯಪಾನ ತರಬೇತಿಯಲ್ಲೂ ಈ ಸಿರಿಂಜ್ ವಿಧಾನ ಹೇಳಿಕೊಡುತ್ತಾರೆ. ಒಂದು ಹನಿ ತಾಯಿಹಾಲೂ ಕೂಸಿಗೆ ತಪ್ಪದಿರಲಿ ಎಂದು ಹಟ ಹಿಡಿದ ಊರು ಇದು. ಇಂಥ ಊರಿನಲ್ಲಿ ಕುಳಿತು, ಗ್ಯಾಲಕ್ಟೋಸೀಮಿಯಾ ಇರುವ ಕೂಸಿಗೆ ಅದೇ ತಾಯಿಹಾಲಿನ ಸಕ್ಕರೆಯೇ ಯಕೃತ್ತು, ಕಣ್ಣು ಕೆಡಿಸುವ ವಿಷ ಎಂದು ಹೇಳುವುದು ನಾಲಿಗೆಗೆ ಕಷ್ಟ. ಆ ಕೂಸಿಗೆ ಹಾಲು ನಿಲ್ಲಿಸಲೇಬೇಕು, ಸೋಯಾ ಆಹಾರವೇ ಗತಿ. ಪಿಕೆಯು ಕೂಸಿನ ಕಥೆ ಹಾಗಲ್ಲ. ತಾಯಿಹಾಲಿನಲ್ಲಿ ಹಸುವಿನ ಹಾಲಿಗಿಂತ ಫಿನೈಲ್‌ಅಲನಿನ್ ಕಡಿಮೆ. ಹೀಗಾಗಿ ವಿಶೇಷ ಪುಡಿಯ ಹಾಲಿನ ಜೊತೆ ಅಳತೆಯಲ್ಲಿ ಎದೆಹಾಲನ್ನೂ ಕುಡಿಸಬಹುದು! ಯಾವ ಕೂಸಿಗೆ ಯಾವುದು ಎಂಬುದನ್ನು ಹೇಳುವುದು ಆ ಚುಕ್ಕೆ.

ಚುಕ್ಕೆ ಮೂಡಿಸುವುದೂ ಒಂದು ಕಸುಬು. ಹಿಮ್ಮಡಿಯ ನಡುಭಾಗಕ್ಕೆ ಚುಚ್ಚುವಂತಿಲ್ಲ, ಮೂಳೆ ಹತ್ತಿರ. ಅಂಚಿಗೇ ಚುಚ್ಚಬೇಕು, 2 ಮಿಲಿಮೀಟರಿಗಿಂತ ಆಳ ಹೋಗಬಾರದು. ಮೊದಲ ಹನಿ ಒರೆಸಬೇಕು. ಹಿಂಡಬಾರದು. ಕಾಗದದ ಒಂದೊಂದು ವೃತ್ತಕ್ಕೂ ಒಂದೇ ದೊಡ್ಡ ಹನಿ, ಹಿಂಬದಿಗೂ ಇಳಿಯುವಂತೆ. ಆಮೇಲೆ ಕಾರ್ಡನ್ನು ಮಲಗಿಸಿ ಮೂರ್ನಾಲ್ಕು ಗಂಟೆ ನೆರಳಿನಲ್ಲಿ ಒಣಗಿಸಬೇಕು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿಯ ಬಳಿ ಇಟ್ಟರೋ, ಗ್ಯಾಲಕ್ಟೋಸೀಮಿಯಾ, ಜಿ6ಪಿಡಿ, ಬಯೋಟಿನಿಡೇಸ್ ಪರೀಕ್ಷೆಗೆ ಬೇಕಾದ ಕಿಣ್ವಗಳು ಸೆಕೆಗೇ ಸೊರಗಿ, ಇರುವ ಕಿಣ್ವ ಇಲ್ಲವೆಂದು ವರದಿ ಬರುತ್ತದೆ. ಅಲ್ಲಿಂದ 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಕೊರಿಯರ್. ಇಷ್ಟು ಮುನ್ನುಗ್ಗಿದ ವಿಜ್ಞಾನ ಕೊನೆಗೆ ನಿಂತಿರುವುದು ಸಂಜೆಯ ಕೊರಿಯರ್ ಹುಡುಗ ಬರುವ ಹೊತ್ತಿಗೆ ಕಾರ್ಡು ಒಣಗಿತ್ತೇ, ಶನಿವಾರ ತೆಗೆದ ರಕ್ತ ಸೋಮವಾರದವರೆಗೆ ಮೇಜಿನ ಖಾನೆಯಲ್ಲೇ ಉಳಿಯಿತೇ ಎಂಬುದರ ಮೇಲೆ!

ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯ ಪರೀಕ್ಷೆ ನಮ್ಮಲ್ಲಿ ಇನ್ನೂ ಇಲ್ಲ. ಗೋವಾ 2008ರಲ್ಲೇ ಶುರುಮಾಡಿತು, ಕೇರಳ ಸರ್ಕಾರಿ ಆಸ್ಪತ್ರೆಗಳಿಗೆ ತಂದಿತು. 1980ರಲ್ಲೇ ಹೆಜ್ಜೆ ಇಟ್ಟ ಕರ್ನಾಟಕ ಮುಂದಿರಬೇಕಿತ್ತು ಎಂದು ನನಗನ್ನಿಸುತ್ತದೆ. ಖಾಸಗಿಯಲ್ಲಿ ಪೂರ್ತಿ ಪರೀಕ್ಷೆಗೆ ಕೆಲವು ಸಾವಿರ ರೂಪಾಯಿ. ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಹುಟ್ಟು ಥೈರಾಯ್ಡ್ ಕೊರತೆಯೊಂದನ್ನಾದರೂ ಹಿಡಿಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಐದು ಕೇಂದ್ರಗಳಲ್ಲಿ ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಈ ಕೊರತೆ ಕಂಡದ್ದು 1130ಕ್ಕೆ ಒಂದು ಮಗುವಿನಲ್ಲಿ. ನಮ್ಮ ಪಕ್ಕದ ಚೆನ್ನೈನಲ್ಲಿ 727ಕ್ಕೆ ಒಂದು. ಮದ್ದು, ಅಗ್ಗದ ಥೈರಾಕ್ಸಿನ್ ಮಾತ್ರೆ. ಪುಡಿಮಾಡಿ ಚಮಚೆಯಲ್ಲಿ ತಾಯಿಹಾಲಿಗೆ ಬೆರೆಸಿ ಕುಡಿಸಿದರಾಯಿತು, ಎರಡು ವಾರದೊಳಗೆ ಶುರುವಾದರೆ ಬುದ್ಧಿ ಉಳಿಯುತ್ತದೆ. ಈ ಪರೀಕ್ಷೆಗೆ ಹಿಮ್ಮಡಿಯೂ ಬೇಕಿಲ್ಲ, ಹೆರಿಗೆ ಕೋಣೆಯಲ್ಲಿ ಕತ್ತರಿಸಿದ ಹೊಕ್ಕುಳ ಬಳ್ಳಿಯ ರಕ್ತವೇ ಸಾಕು! ಅಮೈನೋ ಆಮ್ಲಗಳಿಗೆ ಆ ಅನುಕೂಲವಿಲ್ಲ. ಬಳ್ಳಿಯ ರಕ್ತವನ್ನು ತಾಯಿ ಆಗಲೇ ತೊಳೆದಿರುತ್ತಾಳೆ. ಆದರೆ ಹೆರಿಗೆಯಾದ ಮೂರನೇ ದಿನ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗಲೇಬೇಕೆಂದು ಸರ್ಕಾರದ ನಿಯಮವೇ ಇದೆ. ಆ ಮೂರನೇ ದಿನ, ಕಾರ್ಡಿಗೆ ಬೇಕಾದ ದಿನವೇ! ಇಷ್ಟು ಸರಿಯಾಗಿ ಕೂಡಿಬಂದ ದಿನವನ್ನು ಯಾರೂ ಬಳಸಿಕೊಂಡಿಲ್ಲವಲ್ಲ ಎಂದು ಕೈ ಹಿಸುಕಿಕೊಳ್ಳುವಂತಾಗುತ್ತದೆ.

ಲ್ಯಾಬಿನಿಂದ ಫೋನ್ ಬಂದರೆ ಎದೆ ಒಡೆದುಕೊಳ್ಳಬೇಕಿಲ್ಲ. ಹೆಚ್ಚಿನ ಫೋನುಗಳು ಇನ್ನೊಂದು ಸಲ ರಕ್ತ ಕಳಿಸಿ ಎನ್ನುವುದಕ್ಕೆ. ದಿನ ತುಂಬದೆ ಹುಟ್ಟಿದ ಕೂಸಿನಲ್ಲಿ ಟೈರೋಸಿನ್ ಕೆಲದಿನ ಏರಿ ತಾನೇ ಇಳಿಯುತ್ತದೆ. ಎರಡನೇ ಸಲವೂ ಅದೇ ಬಂದರೆ ಮಾತ್ರ ಮುಂದಿನ ಪರೀಕ್ಷೆಗಳು, ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರದ ಕಡೆಗೆ ದಾರಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಅವೆರಡೂ ಸೇರಿ ಒಂದು ಉತ್ಕೃಷ್ಟತಾ ಕೇಂದ್ರ.

ಹೀಗೆ ಉಳಿದ ಹೆಣ್ಣುಮಗು ಬೆಳೆದು, ಓದಿ, ಮದುವೆಯಾಗಿ, ತಾನೂ ಬಸಿರಾಗುತ್ತಾಳೆ. ಗಥ್ರಿಯ ಕಾರ್ಡು ಉಳಿಸಿಕೊಟ್ಟ ಮೊದಲ ಹುಡುಗಿಯರು ತಾಯಂದಿರಾಗುವ ವಯಸ್ಸಿಗೆ ಬಂದಾಗ ವೈದ್ಯರಿಗೆ ಇನ್ನೊಂದು ಅಪಾಯ ಎದುರಾಯಿತು. ಅವರಲ್ಲಿ ಬಹಳಷ್ಟು ಮಂದಿ ಪಥ್ಯ ಬಿಟ್ಟಿದ್ದರು. ಪಿಕೆಯು ಇಲ್ಲದ ಅವರ ಕೂಸುಗಳು ಚಿಕ್ಕ ತಲೆ, ಹೃದಯದ ದೋಷ ಹೊತ್ತು ಹುಟ್ಟುತ್ತಿದ್ದವು. ಹಿಂದೆ ಮಾಸದ ಮೂಲಕ ಕೂಸಿನ ವಿಷ ತಾಯಿಗೆ ದಾಟಿ ಕರಗುತ್ತಿತ್ತಲ್ಲ, ಈಗ ಅದೇ ಮಾಸದ ಮೂಲಕ ತಾಯಿಯ ಫಿನೈಲ್‌ಅಲನಿನ್ ಕೂಸಿನ ಕಡೆಗೆ ಹರಿಯುತ್ತಿತ್ತು! ಲೆಂಕಿ ಮತ್ತು ಲೆವಿ ಎಂಬಿಬ್ಬರು ಇಂಥ ನೂರಾರು ಬಸಿರುಗಳನ್ನು ಒಟ್ಟುಹಾಕಿ ವರದಿ ಬರೆದದ್ದು 1980ರಲ್ಲಿ, ಬೆಂಗಳೂರಿನಲ್ಲಿ ಅಪ್ಪಾಜಿ ರಾವ್ ಅವರ ತಂಡ ಕೆಲಸ ಶುರುಮಾಡಿದ ವರ್ಷವೇ. ಅಂದಿನಿಂದ ಪಿಕೆಯು ಇರುವ ಹೆಣ್ಣುಮಕ್ಕಳಿಗೆ ವೈದ್ಯರು ಹೇಳುವುದು, ಕೂಸು ಬೇಕೆನಿಸಿದರೆ ಬಸಿರಾಗುವುದಕ್ಕೂ ಕೆಲವು ತಿಂಗಳ ಮುಂಚೆಯೇ ಪಥ್ಯ ಮತ್ತೆ ಶುರುಮಾಡಿ, ಹೆರುವವರೆಗೆ ಬಿಡಬೇಡಿ ಎಂದು.